ಅರ್ಧ ಗಂಟೆಯಲ್ಲಿ ಕೋಳಿ-ಸೀಗಡಿ ನೂಡಲ್ಸ್: ರುಚಿಯ ಜೊತೆ ಹಲಾಲ್, ತಯ್ಯಿಬ್ ಕೂಡ ಇರಲಿ

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು. ಹೆದ್ದಾರಿ ಬದಿಯ ಯಾವ ಪೇಟೆಗೆ ಹೋದರೂ ಮಗ್ರಿಬ್ ಕಳೆದ ಮೇಲೆ ಬಾಣಲೆಯ ಟಣಟಣ ಶಬ್ದ ಕೇಳುತ್ತದೆ. ನೂಡಲ್ಸ್, ಫ್ರೈಡ್ ರೈಸ್, ಮಂಚೂರಿ. ನಮ್ಮ ಮಕ್ಕಳಿಗೆ ಇದೀಗ ಬಿರಿಯಾನಿಯಷ್ಟೇ ಇಷ್ಟದ ಊಟ. ಬೆಂಗಳೂರಿನ ಪಿಜಿಯಲ್ಲಿ ಓದುವ ಹುಡುಗಿಗೆ, ದುಬೈಯ ರೂಮಿನಲ್ಲಿ ಐದಾರು ಮಂದಿಯೊಟ್ಟಿಗೆ ಇರುವ ಹುಡುಗನಿಗೆ ಅದು ರಾತ್ರಿಯ ಹಸಿವಿಗೆ ಸುಲಭದ ದಾರಿ.

ನೂಡಲ್ಸ್ ಕೆಟ್ಟದು, ತಿನ್ನಬೇಡಿ ಎಂದು ಹೇಳಲು ಈ ಬರಹವಲ್ಲ. ಮನೆಯಲ್ಲೇ ಮಾಡಿ ಎನ್ನಲು. ಕೋಳಿ, ಸೀಗಡಿ, ಮೊಟ್ಟೆ, ತರಕಾರಿ ಎಲ್ಲ ಸೇರಿದ ಒಂದು ಪೂರ್ತಿ ಊಟ ಮೂವತ್ತು ನಿಮಿಷದಲ್ಲಿ ತಯಾರಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ, ಬಾಣಲೆಗೆ ಏನೇನು ಬಿತ್ತು ಎಂಬುದು ನಿಮಗೆ ಗೊತ್ತಿರುತ್ತದೆ. ನೂಡಲ್ಸ್ ವಿಷಯದಲ್ಲಿ ಈ ಗೊತ್ತಿರುವುದೇ ಮುಖ್ಯ. ಯಾಕೆಂದರೆ ಇದರ ರುಚಿ ಇರುವುದು ಬಾಟಲಿಗಳಲ್ಲಿ. ಆ ಬಾಟಲಿಗಳ ಹಿಂಬದಿಯನ್ನು ನಮ್ಮಲ್ಲಿ ಓದುವವರು ಕಡಿಮೆ.

ಮಾಮಕರ ಮೀ ಗೋರೆಂಗ್

ನಾವಿಲ್ಲಿ ಮಾಡಲು ಹೊರಟಿರುವುದು ಮಲೇಷ್ಯಾ, ಸಿಂಗಾಪುರದ ಬೀದಿಗಳಲ್ಲಿ ಸಿಗುವ ‘ಮೀ ಗೋರೆಂಗ್ ಮಾಮಕ್’ ಎಂಬ ನೂಡಲ್ಸ್‌ನ ಮನೆ ರೂಪ. ಇದನ್ನೇ ಆರಿಸಲು ಕಾರಣವಿದೆ. ‘ಮೀ’ ಎಂದರೆ ದಕ್ಷಿಣ ಚೀನಾದ ಹೊಕ್ಕಿಯನ್ ಭಾಷೆಯಲ್ಲಿ ನೂಡಲ್ಸ್. ‘ಗೋರೆಂಗ್’ ಎಂದರೆ ಮಲಯ ಭಾಷೆಯಲ್ಲಿ ಹುರಿದದ್ದು. ‘ಮಾಮಕ್’ ಎಂಬುದು ತಮಿಳಿನ ‘ಮಾಮಾ’ ಎಂಬ ಪದದಿಂದ ಬಂದದ್ದು. ತಮಿಳುನಾಡಿನಿಂದ ಕಡಲು ದಾಟಿ ಹೋದ ಮುಸ್ಲಿಮರನ್ನು ಅಲ್ಲಿನವರು ಹಾಗೆ ಕರೆಯುತ್ತಾರೆ. ಅವರು ಚೀನೀಯರ ಹಳದಿ ನೂಡಲ್ಸ್ ತೆಗೆದುಕೊಂಡು, ಹಂದಿ ಕೊಬ್ಬನ್ನೂ ಹಂದಿ ಮಾಂಸವನ್ನೂ ಬಿಟ್ಟು, ಮೆಣಸಿನ ಅರಪು, ಟೊಮೆಟೊ ಸಾಸ್, ಬೇಯಿಸಿದ ಬಟಾಟೆ, ಮೊಟ್ಟೆ, ಸೀಗಡಿ ಅಥವಾ ಕೂಂದಲ್, ಕೋಳಿ ಅಥವಾ ಆಡಿನ ಮಾಂಸ ಸೇರಿಸಿ ತಮ್ಮದೇ ಪದಾರ್ಥ ಮಾಡಿಕೊಂಡರು. ಕೊನೆಗೆ ಮೇಲಿಂದ ಲಿಂಬೆ ಹಿಂಡುತ್ತಾರೆ.

ಅಂದರೆ ಹೊರಗಿನ ಊಟವನ್ನು ಹಲಾಲ್ ಮಾಡಿಕೊಳ್ಳುವುದು, ಅದಕ್ಕೆ ನಮ್ಮ ಖಾರ ಕೊಡುವುದು ಹೊಸ ಕೆಲಸವಲ್ಲ. ನಮ್ಮಂತೆ ಕಡಲ ವ್ಯಾಪಾರದಿಂದ ಬೆಳೆದ ಇನ್ನೊಂದು ಮುಸ್ಲಿಂ ಸಮುದಾಯ ಅದನ್ನು ಮಾಡಿ ತೋರಿಸಿದೆ. ಇನ್ನು ಉದ್ದನೆಯ ಎಳೆ ನಮಗೇನೂ ಹೊಸತಲ್ಲ. ಅಕ್ಕಿ ಸೇಮಿಗೆ ಒತ್ತಿ ಕೋಳಿ ಸಾರಿನಲ್ಲಿ ನೆನೆಸಿ ತಿಂದೇ ಬೆಳೆದವರು ನಾವು.

ಮೊದಲು ಬಾಟಲಿ ಓದಿ

ಕೋಳಿ ಹಲಾಲ್ ಅಂಗಡಿಯಿಂದಲೇ ತಂದಿರುತ್ತೇವೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದು ತಿಳಿಯುತ್ತೇವೆ. ಆದರೆ ಪೂರ್ವ ಏಷ್ಯಾದ ಅಡುಗೆಯಲ್ಲಿ ಎರಡು ವಸ್ತುಗಳು ಸದ್ದಿಲ್ಲದೆ ಒಳಗೆ ಬರುತ್ತವೆ: ಒಂದು ಮದ್ಯ, ಇನ್ನೊಂದು ಹಂದಿ.

‘ಮಿರಿನ್’ ಎಂದು ಬರೆದಿದ್ದರೆ ಅದು ಜಪಾನಿನ ಸಿಹಿ ಅಕ್ಕಿ ಮದ್ಯ. ಅಸಲಿ ಮಿರಿನ್‌ನಲ್ಲಿ ಸುಮಾರು ಶೇ. 14ರಷ್ಟು ಆಲ್ಕೋಹಾಲ್ ಇರುತ್ತದೆ. ‘ಶಾವೊಶಿಂಗ್’ ಎಂದರೆ ಚೀನಾದ ಅಕ್ಕಿ ಮದ್ಯ. ‘ಸಾಕೆ’ಯೂ ಅದೇ ಜಾತಿ. ಇಂಟರ್ನೆಟ್‌ನಲ್ಲಿ ಸಿಗುವ ನೂಡಲ್ಸ್ ರೆಸಿಪಿಗಳಲ್ಲಿ ‘ಒಂದು ಚಮಚ ಕುಕಿಂಗ್ ವೈನ್’ ಎಂದು ಇರುವುದು ಇವನ್ನೇ. ಅವುಗಳ ಬದಲು ಸ್ವಲ್ಪ ನೀರಿಗೆ ಒಂದು ಚಿಟಿಕೆ ಬೆಲ್ಲ, ನಾಲ್ಕು ಹನಿ ಲಿಂಬೆ ರಸ ಹಾಕಿದರೆ ಸಾಕು.

‘ಕುದಿಸುವಾಗ ಆಲ್ಕೋಹಾಲ್ ಆವಿಯಾಗಿ ಹೋಗುತ್ತದಲ್ಲ?’ ಎಂದು ಕೇಳುವವರಿದ್ದಾರೆ. ಶರೀಅತ್‌ನ ದೃಷ್ಟಿಯಲ್ಲಿ ಮದ್ಯವನ್ನು ಅಡುಗೆಗೆ ಹಾಕುವುದೇ ಸಲ್ಲದು, ಆ ಮಾತು ಬೇರೆ. ವಿಜ್ಞಾನದ ಲೆಕ್ಕದಲ್ಲೂ ಈ ವಾದ ನಿಲ್ಲುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 15 ನಿಮಿಷ ಕುದಿಸಿದ ಮೇಲೂ ಹಾಕಿದ ಆಲ್ಕೋಹಾಲ್‌ನಲ್ಲಿ ಸುಮಾರು ಶೇ. 40, ಒಂದು ಗಂಟೆಯ ಮೇಲೂ ಸುಮಾರು ಶೇ. 25 ಉಳಿಯುತ್ತದೆ. ನೂಡಲ್ಸ್ ಹುರಿಯುವುದೋ ಎರಡು-ಮೂರು ನಿಮಿಷ ಮಾತ್ರ.

ಸೋಯಾ ಸಾಸ್‌ನ ಕಥೆ ಸ್ವಲ್ಪ ಬೇರೆ. ಅದು ಸೋಯಾ, ಗೋಧಿ, ಉಪ್ಪು ಸೇರಿಸಿ ಹುಳಿ ಬರಿಸಿದ ಪದಾರ್ಥ. ಆ ಪ್ರಕ್ರಿಯೆಯಲ್ಲಿ ತಾನಾಗಿಯೇ ಅಲ್ಪ ಆಲ್ಕೋಹಾಲ್ ಹುಟ್ಟುತ್ತದೆ. ಕೆಲವು ಕಂಪನಿಗಳು ಕೆಡದಿರಲೆಂದು ಮೇಲಿಂದಲೂ ಸೇರಿಸುತ್ತವೆ. ತಾನಾಗಿ ಹುಟ್ಟಿದ್ದರ ಬಗ್ಗೆ ಉಲಮಾಗಳಲ್ಲಿ ಚರ್ಚೆಯಿದೆ. ಸಂಶಯ ಬೇಡ ಎನ್ನುವವರಿಗೆ ಸುಲಭ ದಾರಿ ಹಲಾಲ್ ಮುದ್ರೆಯ ಬಾಟಲಿ. ಮಲೇಷ್ಯಾದ ಜಾಕಿಮ್, ಸಿಂಗಾಪುರದ ಮುಯಿಸ್ ಸಂಸ್ಥೆಗಳ ಮುದ್ರೆ ಇರುವ ಸೋಯಾ ಸಾಸ್ ಗಲ್ಫಿನಲ್ಲಿ ಧಾರಾಳ ಸಿಗುತ್ತದೆ.

ಇಲ್ಲಿ ನಮ್ಮಲ್ಲಿ ಇರುವ ಒಂದು ತಪ್ಪು ತಿಳುವಳಿಕೆಯನ್ನೂ ಹೇಳಬೇಕು. ‘ಹಸಿರು ಗುರುತು ಉಂಟಲ್ಲ, ಮತ್ತೆಂಥ ಸಂಶಯ?’ ಎನ್ನುತ್ತೇವೆ. ಭಾರತದ ಪ್ಯಾಕೆಟ್‌ಗಳ ಮೇಲಿನ ಹಸಿರು ಗುರುತು ಹೇಳುವುದು ಹಾಲು, ಜೇನಿನಂಥವನ್ನು ಬಿಟ್ಟರೆ ಅದರಲ್ಲಿ ಪ್ರಾಣಿಮೂಲದ ವಸ್ತು ಇಲ್ಲ ಎಂದಷ್ಟೇ. ಆಲ್ಕೋಹಾಲ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮಾಂಸದ ಪ್ರಶ್ನೆಗೆ ಹಸಿರು ಗುರುತು ಉತ್ತರ. ಮದ್ಯದ ಪ್ರಶ್ನೆಗೆ ಪದಾರ್ಥಗಳ ಪಟ್ಟಿಯನ್ನೇ ಓದಬೇಕು.

ಇನ್ನು ಹಂದಿ. ಜಪಾನಿನ ‘ಟೊಂಕೋತ್ಸು’ ರಾಮೆನ್ ಎಂದರೆ ಹಂದಿ ಎಲುಬು ಕುದಿಸಿದ ಸಾರು. ಲಾರ್ಡ್ ಎಂದರೆ ಹಂದಿ ಕೊಬ್ಬು. ಮಲಯ ಭಾಷೆಯಲ್ಲಿ ‘ಬಾಬಿ’, ಥಾಯ್ ಭಾಷೆಯಲ್ಲಿ ‘ಮೂ’ ಎಂದರೆ ಹಂದಿ. ನಮ್ಮ ಯುವಕರಿಗೆ ಈಗ ಕೊರಿಯನ್ ಖಾರದ ನೂಡಲ್ಸ್‌ನ ಹುಚ್ಚು. ಕೊರಿಯಾದ ಕಂಪನಿಗಳು ರಫ್ತಿಗಾಗಿ ಹಲಾಲ್ ಮುದ್ರೆಯ ಪ್ಯಾಕೆಟ್ ಮಾಡುತ್ತವೆ. ಆದರೆ ಸ್ನೇಹಿತರು ನೇರ ಅಲ್ಲಿಂದ ತಂದ ಅದೇ ಹೆಸರಿನ ಪ್ಯಾಕೆಟ್ ಬೇರೆಯೇ ಇರಬಹುದು. ಹೆಸರು ನೋಡಿ ನಂಬಬೇಡಿ, ಮುದ್ರೆ ನೋಡಿ.

ಐಎನ್‌ಎಸ್ 627, 631, 635 ಎಂಬ ಅಂಕಿಗಳು ರುಚಿ ಹೆಚ್ಚಿಸುವ ಪುಡಿಗಳದ್ದು. ಇವನ್ನು ಮಾಂಸ-ಮೀನಿನಿಂದಲೂ ತೆಗೆಯಬಹುದು, ಮರಗೆಣಸಿನ ಹಿಟ್ಟನ್ನು ಹುಳಿ ಬರಿಸಿಯೂ ಮಾಡಬಹುದು. ಹಸಿರು ಗುರುತಿನ ಪ್ಯಾಕೆಟ್‌ನಲ್ಲಿ ಇದ್ದರೆ ಪ್ರಾಣಿಮೂಲದ್ದಲ್ಲ. ವಿದೇಶಿ ಪ್ಯಾಕೆಟ್‌ನಲ್ಲಿ ಹಲಾಲ್ ಮುದ್ರೆ ಇಲ್ಲದಿದ್ದರೆ ಬಿಡುವುದೇ ಲೇಸು.

ಇಷ್ಟೆಲ್ಲ ಎಚ್ಚರ ಬೇಕಾ ಎಂದು ಅನಿಸಿದರೆ ಇಂಡೋನೇಷ್ಯಾದ ಒಂದು ಪ್ರಕರಣ ನೆನಪಿಸಿಕೊಳ್ಳಿ. 2001ರ ಆರಂಭದಲ್ಲಿ ಅಲ್ಲಿ ಅಜಿನೊಮೊಟೊವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಲಾಯಿತು. ಆ ಪುಡಿಯಲ್ಲಿ ಹಂದಿ ಇರಲಿಲ್ಲ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ಬೆಳೆಸುವ ಹಂತದಲ್ಲಿ ಹಂದಿಯಿಂದ ತೆಗೆದ ಎನ್‌ಝೈಮ್ ಬಳಸಿದ್ದು ಅಲ್ಲಿನ ಉಲಮಾ ಮಂಡಳಿಯ ಗಮನಕ್ಕೆ ಬಂತು. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶದಲ್ಲೇ ಹೀಗಾಗಿತ್ತು. ಕೇಳುವವರು, ಓದುವವರು ಇದ್ದುದರಿಂದ ಗೊತ್ತಾಯಿತು, ಸರಿಯೂ ಆಯಿತು.

ಸೀಗಡಿ: ನಮಗೆ ಸರಿ, ಅತಿಥಿಗೆ?

ಬ್ಯಾರಿಗಳು ಶಾಫಿ ಮದ್ಹಬ್‌ನವರು. ನೀರಿನಲ್ಲಿ ಮಾತ್ರ ಬದುಕುವ ಜೀವಿಗಳು ಈ ಮದ್ಹಬ್‌ನಲ್ಲಿ ಸಾಮಾನ್ಯವಾಗಿ ಹಲಾಲ್. ಹಾಗಾಗಿ ಸೀಗಡಿ, ಕೂಂದಲ್ ನಮ್ಮ ಮನೆಗಳಲ್ಲಿ ಪ್ರಶ್ನೆಯೇ ಅಲ್ಲ. ಆದರೆ ಹನಫಿ ಮದ್ಹಬ್‌ನಲ್ಲಿ ಕಡಲಿನಿಂದ ಮೀನು ಮಾತ್ರ ಹಲಾಲ್. ಸೀಗಡಿ ಮೀನೋ ಅಲ್ಲವೋ ಎಂಬುದರಲ್ಲಿ ಅವರ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯ ಇದೆ. ಕೂಂದಲ್, ಕಲ್ಲುಮ್ಮಕಾಯ ಅವರಿಗೆ ಸಲ್ಲದು. ಹಾಸ್ಟೆಲಿನಲ್ಲಿ, ಗಲ್ಫಿನ ರೂಮಿನಲ್ಲಿ ಉರ್ದು ಮಾತಾಡುವ ಸ್ನೇಹಿತರೋ ಪಾಕಿಸ್ತಾನಿ, ಬಾಂಗ್ಲಾದೇಶಿ ಸಹೋದ್ಯೋಗಿಗಳೋ ಜೊತೆಗಿದ್ದರೆ ಮೊದಲೇ ಕೇಳಿ. ಅವರ ಪಾಲನ್ನು ಕೋಳಿ ಮಾತ್ರ ಹಾಕಿ ಬೇರೆ ಹುರಿದರೆ ಆಯಿತು. ಅದು ಅತಿಥಿ ಮರ್ಯಾದೆ.

ಆಯ್‌ಸ್ಟರ್ ಸಾಸ್ ಎಂದರೆ ಸಿಂಪಿಯ ಸಾರ. ಇದನ್ನು ಬಳಸುವ ಮೊದಲು ಹಲಾಲ್ ಮುದ್ರೆ ನೋಡಿ, ಸಂಶಯವಿದ್ದರೆ ನಿಮ್ಮ ಮಸ್ಜಿದಿನ ಉಸ್ತಾದರಲ್ಲಿ ಕೇಳಿ. ಅಣಬೆಯಿಂದ ಮಾಡಿದ್ದೂ ಸಿಗುತ್ತದೆ. ನಮ್ಮ ಈ ಪದಾರ್ಥಕ್ಕೆ ಅದು ಬೇಕೇ ಬೇಕೆಂದಿಲ್ಲ.

ಇನ್ನೊಂದು ಮಾತು. ಸೀಗಡಿ ಕೆಲವರಿಗೆ ತೀವ್ರ ಅಲರ್ಜಿ. ತಿಂದ ಕೂಡಲೇ ತುಟಿ ಊದಿದರೆ, ಮೈ ತುರಿಸಿದರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ.

ಮಳೆಗಾಲದಲ್ಲಿ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಇರುತ್ತದೆ. ಆಗ ತಾಜಾ ಎಂದು ಮಾರುವ ಸೀಗಡಿಯನ್ನು ಮೂಸಿ ನೋಡಿ ತಗೊಳ್ಳಿ. ಅಮೋನಿಯಾ ವಾಸನೆ ಬಂದರೆ, ತಲೆ ಕಪ್ಪಾಗಿ ಸಡಿಲಾಗಿದ್ದರೆ ಬೇಡ. ಅದಕ್ಕಿಂತ ಒಳ್ಳೆಯ ಫ್ರೋಝನ್ ಸೀಗಡಿ ವಾಸಿ. ಅದನ್ನು ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ತಟ್ಟಿಗೆ ಇಳಿಸಿಟ್ಟರೆ ಮರುದಿನಕ್ಕೆ ಸರಿಯಾಗುತ್ತದೆ.

ಬೇಕಾಗುವ ಸಾಮಗ್ರಿ (ನಾಲ್ಕು ಮಂದಿಗೆ)

ಎಗ್ ನೂಡಲ್ಸ್ ಅಥವಾ ಹಕ್ಕಾ ನೂಡಲ್ಸ್ – 300 ಗ್ರಾಂ
ಎಲುಬಿಲ್ಲದ ಕೋಳಿ, ತೊಡೆಯ ಭಾಗವಾದರೆ ಒಳ್ಳೆಯದು – 200 ಗ್ರಾಂ
ಸಿಪ್ಪೆ, ನರ ತೆಗೆದ ಸೀಗಡಿ – 200 ಗ್ರಾಂ
ಮೊಟ್ಟೆ – 2
ಬೇಯಿಸಿದ ಬಟಾಟೆ, ಚೌಕ ತುಂಡು ಮಾಡಿದ್ದು – 1
ನೀರುಳ್ಳಿ – 1, ಬೆಳ್ಳುಳ್ಳಿ – 6 ಎಸಳು, ಟೊಮೆಟೊ – 1
ತೆಳ್ಳಗೆ ಹೆಚ್ಚಿದ ಕ್ಯಾಬೇಜ್ – 2 ಕಪ್, ಮೊಳಕೆ ಹೆಸರು – 1 ಕಪ್
ಬ್ಯಾಡಗಿ ಮೆಣಸು – 8, ಬಿಸಿ ನೀರಿನಲ್ಲಿ ನೆನೆಸಿ ಅರೆದದ್ದು
ಸೋಯಾ ಸಾಸ್ – 2 ದೊಡ್ಡ ಚಮಚ, ಟೊಮೆಟೊ ಸಾಸ್ – 2 ದೊಡ್ಡ ಚಮಚ
ಬೆಲ್ಲದ ಪುಡಿ – 1 ದೊಡ್ಡ ಚಮಚ, ಕಾರ್ನ್‌ಫ್ಲೋರ್ – 1 ಸಣ್ಣ ಚಮಚ
ಎಣ್ಣೆ – 4 ದೊಡ್ಡ ಚಮಚ, ಲಿಂಬೆ – 1

ಮಾಡುವ ವಿಧಾನ

ನೂಡಲ್ಸ್ ಹುರಿಯುವುದು ಹತ್ತೇ ನಿಮಿಷ. ಅಷ್ಟರಲ್ಲಿ ನೀರುಳ್ಳಿ ಹೆಚ್ಚಲು ಪುರುಸೊತ್ತು ಸಿಗುವುದಿಲ್ಲ. ಒಲೆ ಹಚ್ಚುವ ಮೊದಲು ಎಲ್ಲವೂ ಹೆಚ್ಚಿ, ಅರೆದು, ಬಟ್ಟಲಲ್ಲಿ ಇರಬೇಕು.

1. ಕೋಳಿಯನ್ನು ನಾರಿಗೆ ಅಡ್ಡವಾಗಿ ತೆಳ್ಳಗೆ ಹೆಚ್ಚಿ. ಒಂದು ಸಣ್ಣ ಚಮಚ ಸೋಯಾ ಸಾಸ್, ಕಾರ್ನ್‌ಫ್ಲೋರ್ ಸೇರಿಸಿ ಕಲಸಿಡಿ. ಈ ಹಿಟ್ಟಿನ ತೆಳು ಪದರ ಕೋಳಿಯ ರಸವನ್ನು ಒಳಗೇ ಹಿಡಿದಿಡುತ್ತದೆ. ಹೋಟೆಲಿನ ಕೋಳಿ ಮೆದುವಾಗಿರುವುದರ ಗುಟ್ಟು ಇದುವೇ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಜೋರಾಗಿ ತೊಳೆದರೆ ನೀರು ಸಿಡಿದು ರೋಗಾಣು ಪಾತ್ರೆ, ತರಕಾರಿಗಳಿಗೆಲ್ಲ ಹರಡುತ್ತದೆ. ತೊಳೆಯದೆ ಸಮಾಧಾನ ಇಲ್ಲದವರು ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ಆಮೇಲೆ ಸಿಂಕನ್ನು ಸಾಬೂನಿನಿಂದ ಉಜ್ಜಿ. ಕೋಳಿಯ ಚೂರಿ, ಹಲಗೆಯಲ್ಲಿ ತರಕಾರಿ ಹೆಚ್ಚಬೇಡಿ.

2. ಸೀಗಡಿಯನ್ನು ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಒದ್ದೆ ಇದ್ದರೆ ಅದು ಹುರಿಯುವುದಿಲ್ಲ, ಬೇಯುತ್ತದೆ.

3. ನೂಡಲ್ಸನ್ನು ಧಾರಾಳ ಕುದಿ ನೀರಿಗೆ ಹಾಕಿ ಪ್ಯಾಕೆಟ್‌ನಲ್ಲಿ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ಬಸಿಯಿರಿ. ತಣ್ಣೀರು ಹಾಯಿಸಿ, ಒಂದು ಚಮಚ ಎಣ್ಣೆ ಸವರಿ ಅಗಲ ತಟ್ಟೆಯಲ್ಲಿ ಹರವಿ. ಎಳೆಯ ಮೇಲಿನ ಪಿಷ್ಟ ತೊಳೆದು ಹೋಗುವುದರಿಂದ ಮುದ್ದೆಯಾಗುವುದಿಲ್ಲ. ಉಳಿದ ಬೇಯುವಿಕೆ ಬಾಣಲೆಯಲ್ಲಿ ಆಗುತ್ತದೆ.

4. ಮೆಣಸಿನ ಅರಪು, ಉಳಿದ ಸೋಯಾ ಸಾಸ್, ಟೊಮೆಟೊ ಸಾಸ್, ಬೆಲ್ಲ ಒಂದು ಬಟ್ಟಲಲ್ಲಿ ಕದಡಿಡಿ.

5. ಕಬ್ಬಿಣದ ದೊಡ್ಡ ಬಾಣಲೆ ಹೊಗೆ ಬರುವಷ್ಟು ಕಾಯಲಿ. ಎಣ್ಣೆ ಹಾಕಿ ಕೋಳಿ ಹರವಿ. ಅರ್ಧ ನಿಮಿಷ ಮುಟ್ಟಬೇಡಿ. ಮೂರು-ನಾಲ್ಕು ನಿಮಿಷದಲ್ಲಿ ಒಳಗೆ ಎಲ್ಲೂ ಗುಲಾಬಿ ಬಣ್ಣ ಉಳಿಯದಂತೆ ಬೇಯಿಸಿ ತೆಗೆದಿಡಿ. ಥರ್ಮಾಮೀಟರ್ ಇದ್ದವರಿಗೆ ಲೆಕ್ಕ 74 ಡಿಗ್ರಿ ಸೆಲ್ಸಿಯಸ್.

6. ಅದೇ ಬಾಣಲೆಗೆ ಸೀಗಡಿ. ಎರಡು ನಿಮಿಷ ಸಾಕು. ಕಿತ್ತಳೆ ಬಣ್ಣಕ್ಕೆ ತಿರುಗಿ ಅರ್ಧಚಂದ್ರದಂತೆ ಬಾಗಿದರೆ ಬೆಂದಿದೆ. ಉಂಗುರದಂತೆ ಸುತ್ತಿಕೊಂಡರೆ ಹೆಚ್ಚಾಗಿ ರಬ್ಬರ್ ಆಯಿತು. ಕೂಂದಲ್ ಹಾಕುವವರಿಗೂ ಇದೇ ಮಾತು: ಒಂದೂವರೆ ನಿಮಿಷದಲ್ಲಿ ತೆಗೆಯಬೇಕು.

7. ಇನ್ನಷ್ಟು ಎಣ್ಣೆ ಹಾಕಿ ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಹುರಿಯಿರಿ. ಟೊಮೆಟೊ, ಕ್ಯಾಬೇಜ್ ಹಾಕಿ ಒಂದು ನಿಮಿಷ ತಿರುವಿ. ಪಕ್ಕಕ್ಕೆ ಸರಿಸಿ ಮೊಟ್ಟೆ ಒಡೆದು ಹಾಕಿ, ಅರ್ಧ ಗಟ್ಟಿಯಾದಾಗ ಕಲಸಿ.

8. ನೂಡಲ್ಸ್ ಹಾಕಿ, ಮೇಲೆ ಸಾಸ್ ಸುರಿದು ದೊಡ್ಡ ಉರಿಯಲ್ಲಿ ಎರಡು ನಿಮಿಷ ತಿರುವಿ. ಕೋಳಿ, ಸೀಗಡಿ, ಮೊಳಕೆ ಹೆಸರು ಸೇರಿಸಿ ಇನ್ನೊಂದು ನಿಮಿಷ. ಒಲೆ ಆರಿಸಿ ಲಿಂಬೆ ಹಿಂಡಿ.

ಮನೆಯ ಒಲೆಗೆ ಹೋಟೆಲಿನ ಬರ್ನರಿನ ಶಕ್ತಿ ಇರುವುದಿಲ್ಲ. ನಾಲ್ಕು ಮಂದಿಯ ಪಾಲನ್ನು ಒಮ್ಮೆಗೇ ಹಾಕಿದರೆ ಬಾಣಲೆ ತಣಿದು ಎಲ್ಲವೂ ನೀರು ಬಿಡುತ್ತದೆ. ಐದನೇ ಹಂತದಿಂದ ಇಬ್ಬರಿಬ್ಬರ ಪಾಲಿನಂತೆ ಎರಡು ಸರ್ತಿ ಮಾಡಿ. ಗಲ್ಫ್ ರೂಮಿನ ಸಣ್ಣ ಇಂಡಕ್ಷನ್ ಒಲೆಯಾದರೆ ಇದನ್ನು ಮರೆಯಲೇಬೇಡಿ.

ಬಣ್ಣ ಮೆಣಸಿನದ್ದಾಗಲಿ

ಕೆಂಪಿಲ್ಲದಿದ್ದರೆ ಮಕ್ಕಳು ತಿನ್ನುವುದಿಲ್ಲ ಎಂಬ ದೂರು ಇದೆ. ಬ್ಯಾಡಗಿ ಮೆಣಸು ಖಾರ ಕಡಿಮೆ ಕೊಟ್ಟು ಕೆಂಪು ಹೆಚ್ಚು ಕೊಡುತ್ತದೆ, ಅಷ್ಟು ಸಾಕು. ಕರ್ನಾಟಕ ಸರಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿತ್ತು. ಅದೇ ವರ್ಷ ಜೂನ್‌ನಲ್ಲಿ ಕೋಳಿ, ಮೀನು ಕಬಾಬ್‌ಗಳಿಗೂ ನಿಷೇಧ ಬಂತು. ಅಂಗಡಿಯಲ್ಲಿ ನಿಷೇಧವಾದ ಬಣ್ಣದ ಡಬ್ಬಿ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಇನ್ನೂ ಇದ್ದರೆ ಅದನ್ನು ಎಸೆಯುವ ಸಮಯ ಇದು.

ಉಪ್ಪಿನದ್ದೂ ಒಂದು ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಸಾಕು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 2.3 ಗ್ರಾಂ ಉಪ್ಪು ಇರುತ್ತದೆ. ನಮ್ಮ ಅಳತೆಯಲ್ಲಿ ಒಬ್ಬರ ಪಾಲಿಗೆ ಅರ್ಧ ಚಮಚ ಬರುತ್ತದೆ, ಅಂದರೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು. ಅದಕ್ಕೇ ಸಾಮಗ್ರಿಯ ಪಟ್ಟಿಯಲ್ಲಿ ಬೇರೆ ಉಪ್ಪು ಇಲ್ಲ. ಬಿ.ಪಿ. ಇರುವ ಉಪ್ಪ-ಉಮ್ಮನ ಪಾಲಿಗೆ ಸಾಸ್ ಇನ್ನೂ ಕಡಿಮೆ ಮಾಡಿ, ಲಿಂಬೆ ಹೆಚ್ಚು ಹಿಂಡಿ.

ಉಳಿದದ್ದನ್ನು ಏನು ಮಾಡುವುದು?

2022ರ ಮೇ ತಿಂಗಳನ್ನು ಕಾಸರಗೋಡಿನವರು ಮರೆತಿರಲಿಕ್ಕಿಲ್ಲ. ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಅಸ್ವಸ್ಥಳಾದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಹಲವು ಮಂದಿ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ರೋಗಾಣು ಪತ್ತೆಯಾಯಿತು. ನಾವು ಆಗ ಅಂಗಡಿಗಳನ್ನು ಬೈದೆವು. ಆದರೆ ಅದೇ ಅಪಾಯ ಮನೆಯಲ್ಲೂ ಇದೆ ಎಂಬುದನ್ನು ಯೋಚಿಸಲಿಲ್ಲ.

ಬೇಯಿಸಿದ ನೂಡಲ್ಸ್, ಅನ್ನಗಳಲ್ಲಿ ‘ಬ್ಯಾಸಿಲಸ್ ಸೀರಿಯಸ್’ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಬೀಜಕಣಗಳು ಕುದಿ ನೀರಿಗೂ ಸಾಯುವುದಿಲ್ಲ. ಆಹಾರ ಹೊರಗೆ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 2008ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಸ್ಪಗೆಟ್ಟಿಯನ್ನು ಬಿಸಿ ಮಾಡಿ ತಿಂದು ಆ ರಾತ್ರಿಯೇ ಮೃತಪಟ್ಟ. ಈ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ನಮ್ಮ ಕರಾವಳಿಯ ಸೆಕೆಗೆ ಐದು ದಿನ ಬೇಡ.

ಲೆಕ್ಕ ಸುಲಭ. ಉಂಡು ಉಳಿದದ್ದು ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು. ಆಳವಾದ ಪಾತ್ರೆಯಲ್ಲಿ ತುಂಬಿಡಬೇಡಿ, ಅಗಲ ಡಬ್ಬಿಯಲ್ಲಿ ತೆಳ್ಳಗೆ ಹರಡಿ, ಬೇಗ ತಣಿಯುತ್ತದೆ. ಮರುದಿನ ಹೊಗೆಯಾಡುವಷ್ಟು ಬಿಸಿ ಮಾಡಿ ಒಂದೇ ಸರ್ತಿಗೆ ಮುಗಿಸಿ. ರಂಝಾನ್‌ನಲ್ಲಿ ಇಫ್ತಾರ್‌ಗೆ ಮಾಡಿದ್ದನ್ನು ಮೇಜಿನ ಮೇಲೆಯೇ ಬಿಟ್ಟು ಸಹರಿಗೆ ತಿನ್ನುವ ಅಭ್ಯಾಸ ಇದ್ದವರು ಈ ಮಾತನ್ನು ವಿಶೇಷ ಗಮನಿಸಿ.

ಕೊನೆಗೆ, ಹುಡುಗರಿಗೆ

ಈ ಅಡುಗೆ ಕಲಿಯಲು ಉಮ್ಮನ ಕೈರುಚಿ ಬೇಡ. ಪಿಂಡಿಗೋ ಬಿರಿಯಾನಿಗೋ ಬೇಕಾದ ವರ್ಷಗಳ ಅನುಭವವೂ ಬೇಡ. ಚೂರಿ ಹಿಡಿಯಲು ಬಂದರೆ, ಮೇಲಿನ ಎಂಟು ಹಂತ ಓದಲು ಬಂದರೆ ಸಾಕು. ನಾಳೆ ಓದಿಗೋ ಕೆಲಸಕ್ಕೋ ಊರು ಬಿಡುವ ಹುಡುಗ ಇಂದು ಮನೆಯಲ್ಲೇ ಒಂದು ರಾತ್ರಿಯ ಊಟ ಮಾಡಿ ನೋಡಲಿ. ಪ್ರವಾದಿ (ಸ) ಅವರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು ಎಂದು ಹದೀಸ್‌ಗಳಲ್ಲಿ ಇದೆ. ಅಡುಗೆಮನೆ ಹೆಂಗಸರದ್ದು ಮಾತ್ರ ಎನ್ನುವವರು ಅದನ್ನು ನೆನಪಿಡಬೇಕು.

ಖುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಮತ್ತು ತಯ್ಯಿಬ್ ಎಂಬ ಎರಡು ಮಾತುಗಳನ್ನು ಜೊತೆಯಾಗಿ ಹೇಳುತ್ತದೆ. ಒಂದು ಅನುಮತಿಸಿದ್ದು, ಇನ್ನೊಂದು ಶುದ್ಧವಾದದ್ದು, ಒಳ್ಳೆಯದು. ಬಾಟಲಿಯ ಹಿಂಬದಿ ಓದುವುದು ಮೊದಲನೆಯದಕ್ಕೆ. ಕೃತಕ ಬಣ್ಣ ಬಿಡುವುದು, ಉಪ್ಪು ಅಳೆಯುವುದು, ಉಳಿದದ್ದನ್ನು ಹೊತ್ತಿಗೆ ಫ್ರಿಜ್‌ಗೆ ಇಡುವುದು ಎರಡನೆಯದಕ್ಕೆ. ಈ ವಾರಾಂತ್ಯ ಇಶಾ ಮುಗಿಸಿ ಬಂದು ಬಾಣಲೆ ಇಡಿ, ಬಿಸ್ಮಿ ಹೇಳಿ ಬಡಿಸಿ. ಫಾಸ್ಟ್‌ಫುಡ್ ಗಾಡಿಯ ಮುಂದೆ ಪಾರ್ಸೆಲ್‌ಗೆ ಕಾಯುವ ಹೊತ್ತಿನಲ್ಲಿ ಮನೆಯವರೆಲ್ಲರ ಊಟ ಮುಗಿದಿರುತ್ತದೆ.